ದೌರ್ಬಲ್ಯಕ್ಕೆ ಪ್ರತಿಫಲ: ರೋಲ್‌ಪ್ಲೇಯಿಂಗ್ ಆಟಗಳ ಒಂದು ನಿಯಮದ ಇತಿಹಾಸ

ಮೇಜಿನ ಸುತ್ತ ಕೂತು ಆಡುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಆಟಗಾರರು ಒಂದೊಂದು ಪಾತ್ರ ವಹಿಸುತ್ತಾರೆ. ಗೇಮ್ ಮಾಸ್ಟರ್ ಕಥೆಯ ಲೋಕವನ್ನೂ ಉಳಿದ ಪಾತ್ರಗಳನ್ನೂ ನಡೆಸುತ್ತಾರೆ. ಹೀಗೋ ಹಾಗೋ ಎಂಬ ಅನುಮಾನ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ತನ್ನ ಪಾತ್ರದ ಸಿಟ್ಟು, ಪುಕ್ಕಲುತನ, ಕುಡಿತ, ಜಂಭಗಳನ್ನು ಮುಚ್ಚಿಡದೆ ಆಡಿ ತೋರಿಸಿದವರಿಗೆ ಆಟದೊಳಗೇ ಲಾಭ ಕೊಡುವ ನಿಯಮಗಳು ಈ ಆಟಗಳಲ್ಲಿ ಸುಮಾರು ನಾಲ್ಕು ದಶಕಗಳಲ್ಲಿ ಬೆಳೆದುಬಂದಿವೆ. ಅವುಗಳ ಇತಿಹಾಸವೆಲ್ಲ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ: ಪ್ರತಿಫಲ ಕೊಡಬೇಕಾದ್ದು ದೌರ್ಬಲ್ಯವನ್ನು ಹಾಳೆಯಲ್ಲಿ ಬರೆದುಕೊಂಡಾಗಲೋ, ಅದರಿಂದ ಪಾತ್ರ ಪೆಟ್ಟು ತಿಂದಾಗಲೋ?

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಯುದ್ಧದಾಟಗಳಿಂದ ಹುಟ್ಟಿದ ಆ ಆಟ ಅನುಭವದ ಅಂಕ ಕೊಡುತ್ತಿದ್ದುದು ರಾಕ್ಷಸರನ್ನು ಸೋಲಿಸಿದ್ದಕ್ಕೆ, ನಿಧಿ ಹೊತ್ತು ತಂದದ್ದಕ್ಕೆ. ಸ್ವಭಾವ ತಪ್ಪಿ ನಡೆದರೆ ದಂಡವಿತ್ತು. ಪ್ಯಾಲಡಿನ್ ಎಂಬ ಧರ್ಮಯೋಧ ಧರ್ಮ ಬಿಟ್ಟರೆ ತನ್ನ ವಿಶೇಷ ಶಕ್ತಿ ಕಳೆದುಕೊಳ್ಳುತ್ತಿದ್ದ. ಹೆದರಿ ಓಡುವ ಪಾತ್ರವನ್ನು ಎಷ್ಟು ಚೆನ್ನಾಗಿ ಆಡಿದರೂ ಕೈಗೆ ಏನೂ ಬರುತ್ತಿರಲಿಲ್ಲ.

ಮೊದಲ ಉತ್ತರ ಮುಂಗಡ ಪಾವತಿಯದು. ಸೂಪರ್‌ಹೀರೋಗಳ ಆಟವಾದ ಚಾಂಪಿಯನ್ಸ್ (1981) ಪಾತ್ರಗಳನ್ನು ಪಾಯಿಂಟ್ ಲೆಕ್ಕದಲ್ಲಿ ಕಟ್ಟಿಸಿತು. ಬೆನ್ನು ಹತ್ತಿದ ವೈರಿ, ಗುಟ್ಟಾಗಿ ಇಡಬೇಕಾದ ನಿಜರೂಪ, ಸದಾ ಅಪಾಯಕ್ಕೆ ಸಿಕ್ಕಿಕೊಳ್ಳುವ ಆಪ್ತರು ಇಂಥವನ್ನು ಒಪ್ಪಿಕೊಂಡರೆ ಹೆಚ್ಚುವರಿ ಪಾಯಿಂಟ್ ಸಿಗುತ್ತಿತ್ತು. ಸ್ಟೀವ್ ಜ್ಯಾಕ್ಸನ್ ಅವರ ಗರ್ಪ್ಸ್ (1986) ಇದನ್ನು ದೊಡ್ಡ ದರಪಟ್ಟಿಯನ್ನಾಗಿಸಿತು. ಒಕ್ಕಣ್ಣಿಗೆ 15 ಪಾಯಿಂಟ್. ಅದನ್ನು ಕತ್ತಿವರಸೆಗೆ ಹಾಕಿಕೊಳ್ಳಬಹುದು. ಆಟಗಾರರು ಇದರ ಒಳದಾರಿ ಕಂಡುಕೊಳ್ಳಲು ತಡವಾಗಲಿಲ್ಲ. ಕಥೆಯಲ್ಲಿ ಎಂದೂ ಎದುರಾಗದ ನ್ಯೂನತೆಗಳನ್ನು ಆರಿಸಿ, ಪಾಯಿಂಟ್ ಎಣಿಸಿಕೊಂಡು, ಆಮೇಲೆ ಅವನ್ನು ಮರೆತುಬಿಡುವುದು ರೂಢಿಯಾಯಿತು. ನ್ಯೂನತೆಗಳಿಗೆ ಮಿತಿ ಹಾಕಬೇಕಾಗಿ ಬಂತು. ಆ ಆಟದ 2004ರ ನಾಲ್ಕನೇ ಆವೃತ್ತಿ ಸ್ವಭಾವದೋಷಗಳಿಗೆ ಸಂಯಮದ ಪರೀಕ್ಷೆಯನ್ನು ಕಟ್ಟಿತು: ಸಿಡುಕಿನವ ಮೂರು ದಾಳ ಎಸೆದು 12 ಅಥವಾ ಕಡಿಮೆ ಪಡೆದರೆ ಸಿಟ್ಟು ನುಂಗಬಲ್ಲ, ಅಂದರೆ ನೂರಕ್ಕೆ ಸುಮಾರು 74 ಸಲ. ಮಿತಿ 6ಕ್ಕೆ ಇಳಿದರೆ ನುಂಗುವುದು ನೂರಕ್ಕೆ ಒಂಬತ್ತೇ ಸಲ. ಪಾಯಿಂಟ್ ಮಾತ್ರ ಇಮ್ಮಡಿ. ಲೆಕ್ಕ ಜಾಣತನದ್ದೇ. ಆದರೂ ಹಣ ಮೊದಲೇ ಕೊಟ್ಟಾಗಿರುವುದರಿಂದ, ಕೆಲಸ ಮಾಡಿಸಿಕೊಳ್ಳುವ ಹೊಣೆ ಗೇಮ್ ಮಾಸ್ಟರ್ ತಲೆಯ ಮೇಲೆಯೇ ಉಳಿಯಿತು.

ಇದೇ ಕಾಲದಲ್ಲಿ ಗ್ರೆಗ್ ಸ್ಟ್ಯಾಫರ್ಡ್ ಬೇರೆ ದಾರಿ ಹಿಡಿದರು. ಆರ್ಥರ್ ರಾಜನ ಕಾಲದ ನೈಟ್‌ಗಳ ಆಟವಾದ ಪೆಂಡ್ರಾಗನ್ (1985) ಮನುಷ್ಯ ಸ್ವಭಾವವನ್ನು 13 ಜೋಡಿಗಳಾಗಿ ಬರೆಯುತ್ತದೆ: ದಯೆ–ಕ್ರೌರ್ಯ, ವಿನಯ–ಗರ್ವ, ಕ್ಷಮೆ–ಸೇಡು, ಶೌರ್ಯ–ಹೇಡಿತನ ಹೀಗೆ. ಪ್ರತಿ ಜೋಡಿಯ ಮೊತ್ತ 20. ಒಂದು ಏರಿದಷ್ಟು ಇನ್ನೊಂದು ಇಳಿಯುತ್ತದೆ. ಯಾವುದೇ ಗುಣ 16 ಮುಟ್ಟಿತೆಂದರೆ ಅದು ನಾಲ್ಕು ಜನಕ್ಕೆ ಗೊತ್ತಾಗುವ ಗುಣ. ಸೇಡಿಗೆ ಹೆಸರಾದ ನೈಟ್‌ನ ಮುಂದೆ ಶತ್ರು ಮಂಡಿಯೂರಿ ಪ್ರಾಣಭಿಕ್ಷೆ ಬೇಡಿದರೆ ಕೊಲ್ಲಬೇಕೋ ಬಿಡಬೇಕೋ ಎಂಬುದು ಪೂರ್ತಿಯಾಗಿ ಆಟಗಾರರ ಇಷ್ಟವಲ್ಲ, ಇಪ್ಪತ್ತು ಮುಖದ ದಾಳಕ್ಕೂ ಅಲ್ಲಿ ಮಾತಿದೆ. ಆ ಗುಣದಂತೆ ನಡೆದರೆ ಹಾಳೆಯಲ್ಲಿ ಗುರುತು ಬೀಳುತ್ತದೆ, ಚಳಿಗಾಲದ ಲೆಕ್ಕದಲ್ಲಿ ಅದು ಇನ್ನೂ ಬೆಳೆಯಬಹುದು. ಹೆಸರಾದ ಗುಣಕ್ಕೆ ಕೀರ್ತಿಯ ಅಂಕವೂ ಉಂಟು, ಅದು ಕ್ರೌರ್ಯವಾದರೂ ಸರಿಯೇ. ಕೆಟ್ಟ ಗುಣವನ್ನು ಕೊಂಡುಕೊಳ್ಳುವ ಸರಕಾಗಿ ನೋಡದೆ, ನಡೆದದ್ದರಿಂದ ಬೆಳೆಯುವ ಚಾಳಿಯಾಗಿ ನೋಡಿದ್ದು ಈ ಆಟದ ಹೆಚ್ಚುಗಾರಿಕೆ. ನಂತರ ಬಂದ ಅನೇಕ ಆಟಗಳು ಇದಕ್ಕಿಂತ ಚುರುಕಾಗಿವೆ, ಇಷ್ಟು ಆಳವಾಗಿವೆ ಎನ್ನಲಾಗದು.

ಪಾವತಿ ಮೇಜಿಗೆ ಬಂದದ್ದು 1990ರ ದಶಕದಲ್ಲಿ. ಶೇನ್ ಲೇಸಿ ಹೆನ್ಸ್‌ಲಿ ಅವರ ಡೆಡ್‌ಲ್ಯಾಂಡ್ಸ್ (1996) ನ್ಯೂನತೆಗೆ ಮುಂಗಡವಾಗಿ ಪಾಯಿಂಟನ್ನೂ ಕೊಟ್ಟಿತು, ಆಟದ ನಡುವೆ ಅದನ್ನು ಆಡಿ ತೋರಿಸಿದಾಗ ಪೋಕರ್ ಚಿಪ್ಪನ್ನೂ ಕೊಟ್ಟಿತು. ಅದರಿಂದ ಹುಟ್ಟಿದ ಸ್ಯಾವೇಜ್ ವರ್ಲ್ಡ್ಸ್ (2003) ಇದೇ ಪದ್ಧತಿಯನ್ನು ಮುಂದುವರಿಸಿತು.

ನಿಯಮ ಒಂದು ವ್ಯವಹಾರವಾಗಿ ಪಕ್ವವಾದದ್ದು ಫೇಟ್‌ನಲ್ಲಿ. ರಾಬ್ ಡೊನೋಹ್ಯೂ ಮತ್ತು ಫ್ರೆಡ್ ಹಿಕ್ಸ್ ರೂಪಿಸಿದ ಈ ಪದ್ಧತಿಯನ್ನು ಸ್ಪಿರಿಟ್ ಆಫ್ ದಿ ಸೆಂಚುರಿ (2006) ಜನಪ್ರಿಯಗೊಳಿಸಿತು, ಫೇಟ್ ಕೋರ್ (2013) ಒಪ್ಪಗೊಳಿಸಿತು. ಧರ್ಮರಾಯನನ್ನೇ ಫೇಟ್‌ನ ಪಾತ್ರವೆಂದುಕೊಳ್ಳಿ. ಅವನ ಹಾಳೆಯಲ್ಲಿ 'ಜೂಜಿಗೆ ಕರೆದರೆ ಒಲ್ಲೆನೆನ್ನಲಾರ' ಎಂದು ಬರೆದಿದೆ. ಹಸ್ತಿನಾವತಿಯಿಂದ ಕರೆ ಬಂದಾಗ ಗೇಮ್ ಮಾಸ್ಟರ್ ಒಂದು ಫೇಟ್ ಪಾಯಿಂಟನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳುತ್ತಾರೆ. ಹೋದರೆ ಅದು ಆಟಗಾರರದು, ಜೊತೆಗೆ ಬರುವ ಅನಾಹುತವೂ ಅವರದೇ. ಹೋಗುವುದಿಲ್ಲ ಎನ್ನಬೇಕಾದರೆ ತಮ್ಮಲ್ಲಿರುವ ಒಂದು ಪಾಯಿಂಟನ್ನು ತೆರಬೇಕು. ಕೈ ಖಾಲಿಯಾಗಿದ್ದರೆ ಒಲ್ಲೆನೆನ್ನುವಂತೆಯೇ ಇಲ್ಲ. ಹೀಗೆ ಗಳಿಸಿದ ಪಾಯಿಂಟನ್ನು ಮುಂದೆ ಯಾವುದಾದರೂ ಎಸೆತಕ್ಕೆ 2 ಕೂಡಿಸಲು ಅಥವಾ ದಾಳ ಮತ್ತೆ ಎಸೆಯಲು ಬಳಸಬಹುದು. ಆಟದ ಆರಂಭದಲ್ಲಿ ಎಡವಿದವರ ಬಳಿ ಕೊನೆಯ ಹೋರಾಟಕ್ಕೆ ಬಂಡವಾಳ ಇರುತ್ತದೆ. ಕಥೆಯ ಏರಿಳಿತ ತಾನಾಗಿ ಮೂಡುತ್ತದೆ.

ದೌರ್ಬಲ್ಯದಿಂದ ಬಿಡುಗಡೆಯಾಗುವುದಕ್ಕೂ ಬೆಲೆ ಕಟ್ಟಿದವರು ಕ್ಲಿಂಟನ್ ಆರ್. ನಿಕ್ಸನ್. ಅವರ ದಿ ಶ್ಯಾಡೋ ಆಫ್ ಯೆಸ್ಟರ್‌ಡೇ (2004) ಆಟದಲ್ಲಿ 'ಕೀ' ಎಂಬ ನಿಯಮವಿದೆ. ಹೇಡಿಯ ಕೀ ಇಟ್ಟುಕೊಂಡ ಪಾತ್ರ ಅಪಾಯದಿಂದ ಜಾರಿಕೊಂಡಾಗಲೆಲ್ಲ 1 ಅನುಭವಾಂಕ, ಹೊಡೆದಾಟವನ್ನು ಹಿಂಸೆಯಿಲ್ಲದೆ ನಿಲ್ಲಿಸಿದರೆ 3. ಒಂದು ದಿನ ಅದೇ ಪಾತ್ರ ಹಿಂದೆಮುಂದೆ ನೋಡದೆ ಕಾಳಗಕ್ಕೆ ನುಗ್ಗಿದರೆ ಕೀಯನ್ನು ಬಿಟ್ಟುಕೊಟ್ಟು ಒಮ್ಮೆಗೇ 10 ಪಡೆಯಬಹುದು. ಸಣ್ಣ ಆಟ, ಪ್ರಭಾವ ದೊಡ್ಡದು. ಜಾನ್ ಹಾರ್ಪರ್ ಅವರ ಬ್ಲೇಡ್ಸ್ ಇನ್ ದಿ ಡಾರ್ಕ್ (2017) ಪಾತ್ರ ತನ್ನ ಚಟದಿಂದಲೋ ಮನಸ್ಸಿನ ಗಾಯದಿಂದಲೋ ಕಷ್ಟಪಟ್ಟಿತೇ ಎಂದು ಪ್ರತಿ ಕೂಟದ ಕೊನೆಯಲ್ಲಿ ಕೇಳಿ ಅಂಕ ಕೊಡುತ್ತದೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ಸಾಲಿಗೆ ಸೇರಿದ್ದು ತಡವಾಗಿ, ಅದೂ ಅರೆಮನಸ್ಸಿನಿಂದ. 2014ರ ಐದನೇ ಆವೃತ್ತಿ ಪ್ರತಿ ಪಾತ್ರಕ್ಕೂ ಗುಣ, ಆದರ್ಶ, ಬಂಧಗಳ ಜೊತೆ ಒಂದು ದೋಷವನ್ನೂ ಬರೆಸಿತು. ಅದನ್ನು ಚೆನ್ನಾಗಿ ಆಡಿದವರಿಗೆ 'ಇನ್‌ಸ್ಪಿರೇಷನ್' ಕೊಡಬಹುದೆಂದಿತು. ಅದನ್ನು ಬಳಸಿ ಎರಡು ದಾಳ ಎಸೆದು ಹೆಚ್ಚಿನದನ್ನು ಇಟ್ಟುಕೊಳ್ಳಬಹುದು. ಆದರೆ ಯಾವಾಗ, ಎಷ್ಟು ಸಲ ಕೊಡಬೇಕೆಂಬುದನ್ನು ಗೇಮ್ ಮಾಸ್ಟರ್ ಮರ್ಜಿಗೆ ಬಿಟ್ಟದ್ದರಿಂದ, ಕೊಡಲು ಮರೆಯುವುದೇ ಹೆಚ್ಚು. 2024ರ ಪರಿಷ್ಕೃತ ಪುಸ್ತಕದಲ್ಲಿ ಪಾತ್ರದ ಹಿನ್ನೆಲೆಯ ಜೊತೆಗಿದ್ದ ದೋಷಗಳ ಪಟ್ಟಿಯೇ ಇಲ್ಲ. ಇನ್‌ಸ್ಪಿರೇಷನ್ ಉಳಿದಿದೆ, ಒಂದು ದಾಳವನ್ನು ಮತ್ತೆ ಎಸೆಯುವ ಅವಕಾಶವಾಗಿ. ಮನುಷ್ಯ ಕುಲದ ಪಾತ್ರಕ್ಕೆ ಅದು ಪೂರ್ಣ ವಿಶ್ರಾಂತಿ ಮುಗಿಸಿದಾಗಲೆಲ್ಲ ತಾನಾಗಿಯೇ ಸಿಗುತ್ತದೆ.