ಗಾಳಿ ಹೊಲಿದ ಅಂಗಿ: ಟರ್ಬೊ ಕಾರುಗಳ ಹೊರಮೈಯ ಕಥೆ

ಕಾರಿನ ಹೊರಮೈಯನ್ನು ನಾವು ಸಾಮಾನ್ಯವಾಗಿ ಬಟ್ಟೆಯಂತೆ ಭಾವಿಸುತ್ತೇವೆ. ಒಳಗೆ ಎಂಜಿನ್ನು, ಗೇರು, ಬ್ರೇಕು. ಹೊರಗೆ ಅಂದಕ್ಕೊಂದು ತಗಡು. ಬಟ್ಟೆ ಬೇಸರವಾದರೆ ಬೇರೆಯದನ್ನು ಹೊಲಿಸಿಕೊಳ್ಳಬಹುದಲ್ಲವೇ? ಟರ್ಬೊ ಎಂಜಿನ್ನಿನ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೆ ಈ ಆಸೆ ತುಸು ಹೆಚ್ಚು. ಅಗಲವಾದ ಮಡ್‌ಗಾರ್ಡು, ತೂತುಗಳುಳ್ಳ ಬಾನೆಟ್ಟು, ಬೆನ್ನ ಮೇಲೊಂದು ರೆಕ್ಕೆ, ನೆಲಕ್ಕೆ ಬಾಗಿದ ಬಂಪರು ಇವೆಲ್ಲ ಇಂದು ಕಾರು ತಯಾರಿಸಿದ ಕಾರ್ಖಾನೆಯಿಂದ ಮಾತ್ರವಲ್ಲ, ಹೊರಗಿನ ಕುಶಲಕರ್ಮಿಗಳಿಂದಲೂ ದೊರೆಯುತ್ತವೆ. ಉಕ್ಕಿನಲ್ಲಿ, ಗಾಜಿನೆಳೆಯಲ್ಲಿ, ಕಾರ್ಬನ್ ನಾರಿನಲ್ಲಿ, ಬೇಕಾದ ಆಕಾರದಲ್ಲಿ ದೊರೆಯುತ್ತವೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು?

ಈ ಪ್ರಶ್ನೆಯನ್ನು ಅಭಿರುಚಿಯ ಪ್ರಶ್ನೆಯೆಂದು ತಿಳಿದು ಉತ್ತರಿಸುವವರೇ ಹೆಚ್ಚು. ಆದರೆ ಇದಕ್ಕೊಂದು ಚರಿತ್ರೆಯಿದೆ. ಇಂದು ನಾವು ಅಲಂಕಾರವೆಂದು ಕೊಳ್ಳುವ ಒಂದೊಂದು ಉಬ್ಬೂ ಒಂದು ಕಾಲದಲ್ಲಿ ಒಂದು ಕಷ್ಟಕ್ಕೆ ಕಂಡುಕೊಂಡ ಪರಿಹಾರ. ಆ ಕಷ್ಟ ಯಾವುದೆಂದು ತಿಳಿದರೆ ಆಯ್ಕೆ ಸುಲಭವಾಗುತ್ತದೆ. ಅದಕ್ಕಾಗಿ ನಾವು ಜರ್ಮನಿಗೆ, 1970ರ ದಶಕಕ್ಕೆ ಹೋಗಿಬರೋಣ.

ಬಿಸಿಯುಸಿರಿನ ಯಂತ್ರ

ಮೊದಲು ಟರ್ಬೊ ಎಂದರೇನು ಎಂಬುದನ್ನು ನೋಡೋಣ. ಎಂಜಿನ್ನಿನಿಂದ ಹೊರಬೀಳುವ ಹೊಗೆಯಲ್ಲಿ ಬಹಳಷ್ಟು ಶಕ್ತಿ ಪೋಲಾಗುತ್ತದೆ. ಆ ಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದಕ್ಕೆ ಜೋಡಿಸಿದ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಿದರೆ ಹೇಗೆ? ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಹೆಚ್ಚು ಗಾಳಿ ಹೋದರೆ ಹೆಚ್ಚು ಇಂಧನ ಉರಿಯುತ್ತದೆ, ಹೆಚ್ಚು ಶಕ್ತಿ ಬರುತ್ತದೆ. ಜನಸಾಮಾನ್ಯರ ಕಾರಿಗೆ ಇದು ಬಂದದ್ದು ಮಾತ್ರ 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಶೆವರ್ಲೆ ಕೊರ್ವೇರ್ ಕಾರುಗಳ ಮೂಲಕ.

ಇಲ್ಲೊಂದು ತೊಡಕಿದೆ. ಸೈಕಲ್ಲಿಗೆ ಪಂಪು ಹೊಡೆದವರಿಗೆಲ್ಲ ಗೊತ್ತು: ಒತ್ತಿದ ಗಾಳಿ ಬಿಸಿಯಾಗುತ್ತದೆ. ಬಿಸಿಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿಯಲ್ಲಿ ಆಮ್ಲಜನಕ ಕಡಿಮೆ. ಆದ್ದರಿಂದ ಒತ್ತಿದ ಗಾಳಿಯನ್ನು ಎಂಜಿನ್ನಿಗೆ ಬಿಡುವ ಮುನ್ನ ತಣಿಸಬೇಕು. ಹಾಗೆ ತಣಿಸುವ ಸಾಧನವೇ ಇಂಟರ್‌ಕೂಲರ್. ಅದಕ್ಕೆ ಜಾಗ ಬೇಕು, ಹೊರಗಿನ ತಂಗಾಳಿ ಬೇಕು. ಹೆಚ್ಚಿದ ಶಕ್ತಿಯನ್ನು ನೆಲಕ್ಕಿಳಿಸಲು ಅಗಲವಾದ ಚಕ್ರ ಬೇಕು, ಹೆಚ್ಚಿದ ವೇಗದಲ್ಲಿ ಕಾರು ನೆಲ ಬಿಡದಂತೆ ಒತ್ತಿಹಿಡಿಯುವ ಆಕಾರ ಬೇಕು. ಹೀಗೆ ಟರ್ಬೊ ಬಂದ ಮೇಲೆ ಹೊರಮೈಯೂ ಬದಲಾಗಲೇಬೇಕಾಯಿತು.

1973ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಬಿಎಂಡಬ್ಲ್ಯು 2002 ಟರ್ಬೊ ಕಾಣಿಸಿಕೊಂಡಿತು. 170 ಅಶ್ವಶಕ್ತಿಯ ಈ ಪುಟ್ಟ ಕಾರಿನ ಚಕ್ರಗಳ ಮೇಲೆ ಬೇರೆಯಾಗಿ ಕೂರಿಸಿದ ಪ್ಲಾಸ್ಟಿಕ್ ಕಮಾನುಗಳಿದ್ದವು. ಮುಂದಿನ ತಿಂಗಳೇ ತೈಲ ಬಿಕ್ಕಟ್ಟು ಎದುರಾಯಿತು. ಒಟ್ಟು 1,672 ಕಾರುಗಳಾದ ಮೇಲೆ ತಯಾರಿಕೆ ನಿಂತಿತು. ಆದರೂ ಚಕ್ರದ ಮೇಲೆ ಬೇರೆ ಕಮಾನು ಕೂರಿಸುವ ಆ ಕ್ರಮ ನಿಲ್ಲಲಿಲ್ಲ.

1974ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಪೋರ್ಷೆ 911 ಟರ್ಬೊ ಬಂತು. ಮೂರು ಲೀಟರಿನ ಎಂಜಿನ್, 260 ಅಶ್ವಶಕ್ತಿ, ಉಬ್ಬಿದ ಮಡ್‌ಗಾರ್ಡುಗಳು, ಹಿಂದೆ ತಿಮಿಂಗಿಲದ ಬಾಲದಂಥ ರೆಕ್ಕೆ. 1978ರ ಮಾದರಿಯಲ್ಲಿ ಎಂಜಿನ್ 3.3 ಲೀಟರಿಗೆ, ಶಕ್ತಿ 300ಕ್ಕೆ ಏರಿತು. ರೆಕ್ಕೆಯ ಆಕಾರವೂ ಬದಲಾಗಿ, ಅಂಚು ಮೇಲಕ್ಕೆ ಮಡಿಚಿದ ತಟ್ಟೆಯಂತಾಯಿತು. ಅದರ ಕೆಳಗೆ ಇಂಟರ್‌ಕೂಲರ್ ಕೂತಿತ್ತು. ಗಾಳಿ ಹೋಗಲೆಂದು ಮೇಲೆ ಜಾಲರಿ ಇತ್ತು. ಇಂದು ಎಷ್ಟೋ ಟರ್ಬೊ ಇಲ್ಲದ ಕಾರುಗಳ ಮೇಲೂ ಆ ತಟ್ಟೆ ಕಾಣುತ್ತದೆ. ಅದರ ಕೆಳಗೆ ತಣಿಸಬೇಕಾದದ್ದೇನೂ ಇರುವುದಿಲ್ಲ!

ನಿಯಮದ ಸಾಲುಗಳ ನಡುವೆ

ಈ ಕಥೆಯ ಬಹು ಸ್ವಾರಸ್ಯದ ಭಾಗ ಓಟದ ಕಣದಲ್ಲಿದೆ. 1976ರಲ್ಲಿ ಗ್ರೂಪ್ 5 ಎಂಬ ಹೊಸ ನಿಯಮಗಳು ಬಂದವು. ಬಾನೆಟ್ಟು, ಬಾಗಿಲು, ಮಾಡು ಮೂಲ ಕಾರಿನಂತೆಯೇ ಇರಬೇಕು. ಮಡ್‌ಗಾರ್ಡುಗಳನ್ನು ಮಾತ್ರ ತಂಡಗಳು ತಮಗೆ ಬೇಕಾದಂತೆ ಮಾಡಿಕೊಳ್ಳಬಹುದು. ಟರ್ಬೊ ಎಂಜಿನ್ನಿನ ಗಾತ್ರವನ್ನು 1.4ರಿಂದ ಗುಣಿಸಿ ಲೆಕ್ಕ ಹಿಡಿಯುತ್ತಿದ್ದರು. ಹಾಗಾಗಿ ಪೋರ್ಷೆಯವರು ತಮ್ಮ 935 ಕಾರಿಗೆ 2,857 ಘನ ಸೆಂಟಿಮೀಟರಿನ ಎಂಜಿನ್ ಆರಿಸಿದರು. ಗುಣಿಸಿ ನೋಡಿ, ನಾಲ್ಕು ಲೀಟರಿಗೆ ಸರಿಯಾಗಿ ಒಳಗೆ ನಿಲ್ಲುತ್ತದೆ.

ಪೋರ್ಷೆಯ ಎಂಜಿನಿಯರ್ ನಾರ್ಬರ್ಟ್ ಸಿಂಗರ್ ನಿಯಮವನ್ನು ವಕೀಲರಂತೆ ಓದಿದರು. 911 ಕಾರಿನ ದುಂಡು ಹೆಡ್‌ಲೈಟುಗಳು ಇರುವುದು ಮಡ್‌ಗಾರ್ಡಿನಲ್ಲಿ. ಮಡ್‌ಗಾರ್ಡನ್ನು ಬದಲಿಸಲು ಅನುಮತಿ ಇದ್ದ ಮೇಲೆ ಹೆಡ್‌ಲೈಟ್ ಅಲ್ಲೇ ಇರಬೇಕೆಂದೇನಿದೆ? ದೀಪಗಳು ಕೆಳಗೆ ಬಂಪರಿಗೆ ಇಳಿದವು, ಮೂಗು ಚಪ್ಪಟೆಯಾಯಿತು, ಗಾಳಿ ಸರಾಗವಾಗಿ ಹರಿಯಿತು. ಜಗತ್ಪ್ರಸಿದ್ಧವಾದ ಆ ಚಪ್ಪಟೆ ಮೂಗು ಹುಟ್ಟಿದ್ದು ಹೀಗೆ, ನಿಯಮದ ಸಾಲುಗಳ ನಡುವೆ.

ಅದೇ ವರ್ಷ ಇನ್ನೊಂದು ಪಾಠವೂ ಆಯಿತು. 935ರ ಇಂಟರ್‌ಕೂಲರ್ ಹಿಂಬದಿಯ ರೆಕ್ಕೆಯೊಳಕ್ಕೆ ಚಾಚಿಕೊಂಡಿತ್ತು. ಮೂಲ ಕಾರಿನ ಎಂಜಿನ್ ಮುಚ್ಚಳವೂ ಅಲ್ಲಿ ಸರಿಯಾಗಿ ಕೂರಬೇಕೆಂದು ಅಧಿಕಾರಿಗಳು ಪಟ್ಟುಹಿಡಿದರು. ಋತುವಿನ ನಡುವೆಯೇ ಗಾಳಿಯಿಂದ ತಣಿಯುವ ಸಾಧನವನ್ನು ತೆಗೆದು ನೀರಿನಿಂದ ತಣಿಯುವ ಸಾಧನವನ್ನು ಅಳವಡಿಸಬೇಕಾಯಿತು. ಒಂದು ಮುಚ್ಚಳದ ಆಕಾರ ಇಡೀ ಎಂಜಿನ್ನಿನ ತಣಿಸುವ ವ್ಯವಸ್ಥೆಯನ್ನೇ ಬದಲಿಸಿತು. ಹೊರಮೈ ಬರೀ ಬಟ್ಟೆಯಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಕಾರ್ಖಾನೆಯನ್ನು ಮೀರಿದ ಗ್ಯಾರೇಜು

ಹಾಗಾದರೆ ಕಾರ್ಖಾನೆಯವರಷ್ಟು ಚೆನ್ನಾಗಿ ಹೊರಗಿನವರು ಮಾಡಬಲ್ಲರೇ? ಉತ್ತರ 1979ರಲ್ಲಿ ಸಿಕ್ಕಿತು. ಕಲೋನ್ ನಗರದ ಎರ್ವಿನ್ ಮತ್ತು ಮಾನ್‌ಫ್ರೆಡ್ ಕ್ರೆಮರ್ ಸಹೋದರರು 935 ಕಾರನ್ನು ತಮ್ಮದೇ ರೀತಿಯಲ್ಲಿ ಕಟ್ಟಿ ಅದಕ್ಕೆ ಕೆ3 ಎಂದು ಹೆಸರಿಟ್ಟರು. ಅದರ ಹೊರಮೈಯನ್ನು ರೂಪಿಸುವಲ್ಲಿ ಎಕ್ಕೆಹಾರ್ಡ್ ತ್ಸಿಮ್ಮರ್‌ಮನ್ ಎಂಬ ಕುಶಲಿ ನೆರವಾದರು. ಹಗುರ ಕೆವ್ಲಾರ್ ನಾರನ್ನು ಬಳಸಿದರು. ಮಡ್‌ಗಾರ್ಡಿನ ಅಂಚಿನಲ್ಲಿ ಗಾಳಿ ಪಕ್ಕಕ್ಕೆ ಜಾರದಂತೆ ಸಣ್ಣ ಬೇಲಿಯಂಥ ಏಣುಗಳನ್ನು ಕೊಟ್ಟರು. ಕಾರ್ಖಾನೆ ಕೈಬಿಟ್ಟಿದ್ದ ಗಾಳಿ ತಣಿಸುವ ಇಂಟರ್‌ಕೂಲರನ್ನು ಮತ್ತೆ ತಂದು, ನೀರಿನ ಭಾರವನ್ನು ಉಳಿಸಿದರು.

ಆ ವರ್ಷದ ಜೂನ್ ತಿಂಗಳಲ್ಲಿ ಫ್ರಾನ್ಸಿನ ಲ ಮಾನ್ ಪಟ್ಟಣದ 24 ಗಂಟೆಗಳ ಓಟದಲ್ಲಿ, ಸುರಿಯುವ ಮಳೆಯ ನಡುವೆ, ಕ್ಲೌಸ್ ಲುಡ್‌ವಿಗ್ ಮತ್ತು ಅಮೆರಿಕದ ಡಾನ್ ಹಾಗೂ ಬಿಲ್ ವಿಟಿಂಗ್ಟನ್ ಸಹೋದರರು ಈ ಕಾರಿನಲ್ಲಿ ಗೆದ್ದರು. ಪೋರ್ಷೆ ಕಾರ್ಖಾನೆಯ ಸ್ವಂತ 936 ಕಾರುಗಳು ಓಟ ಮುಗಿಸಲಿಲ್ಲ. ಎರಡನೆಯ ಸ್ಥಾನ ಇನ್ನೊಂದು ಖಾಸಗಿ 935ಕ್ಕೆ ಹೋಯಿತು. ಅದನ್ನು ಓಡಿಸಿದವರಲ್ಲಿ ಹಾಲಿವುಡ್ ನಟ ಪಾಲ್ ನ್ಯೂಮನ್ ಒಬ್ಬರು.

ಆದ್ದರಿಂದ ‘ಕಂಪನಿಯದೇ ಒಳ್ಳೆಯದು, ಹೊರಗಿನದೆಲ್ಲ ಕಳಪೆ’ ಎಂಬ ಮಾತು ನಿಲ್ಲುವುದಿಲ್ಲ. ಆದರೆ ಕ್ರೆಮರ್ ಸಹೋದರರು ಗೆದ್ದದ್ದು ಏಕೆ ಎಂಬುದನ್ನು ಮರೆಯಬಾರದು. ಗಾಳಿ ಎಲ್ಲಿಂದ ಬರಬೇಕು, ಎಲ್ಲಿಗೆ ಹೋಗಬೇಕು ಎಂದು ಮೊದಲು ಕೇಳಿಕೊಂಡು, ಆಮೇಲೆ ಅವರು ಅಚ್ಚು ತೆಗೆದರು.

ರಸ್ತೆಗಿಳಿದ ಚಪ್ಪಟೆ ಮೂಗು

ಗೆದ್ದ ಕಾರಿನ ರೂಪ ಎಲ್ಲರಿಗೂ ಬೇಕಾಯಿತು. ತ್ಸಿಮ್ಮರ್‌ಮನ್ ಅವರ ಡಿಪಿ ಸಂಸ್ಥೆ ರಸ್ತೆಯ ಕಾರುಗಳಿಗೆ ಅದೇ ರೂಪ ಕೊಡತೊಡಗಿತು. ಪೋರ್ಷೆ ಕಾರ್ಖಾನೆಯೂ ವಿಶೇಷ ಗಿರಾಕಿಗಳಿಗೆ ಉಕ್ಕಿನ ಮಡ್‌ಗಾರ್ಡುಗಳನ್ನು ಕೈಯಿಂದಲೇ ಮಾಡಿಕೊಟ್ಟಿತು. 1983ರಲ್ಲಿ ಉದ್ಯಮಿ ಮನ್ಸೂರ್ ಓಜೆ ಅವರಿಗಾಗಿ 935ನ್ನೇ ಹೋಲುವ ರಸ್ತೆ ಕಾರೊಂದು ಸಿದ್ಧವಾಯಿತು. ಕಾರ್ಖಾನೆಯ ಇಂಥ ಕಾರುಗಳ ಒಟ್ಟು ಸಂಖ್ಯೆ ಸಾವಿರ ಮುಟ್ಟಲಿಲ್ಲ. ಆದರೆ ಅಮೆರಿಕ, ಯುರೋಪುಗಳ ಗ್ಯಾರೇಜುಗಳಲ್ಲಿ ಗಾಜಿನೆಳೆಯ ಅನುಕರಣೆಗಳು ಹೇರಳವಾಗಿ ಬಂದವು. ಅವುಗಳಿಗಾಗಿ ಒಳ್ಳೆಯ ಉಕ್ಕಿನ ಕಾರುಗಳನ್ನು ಗರಗಸದಿಂದ ಕೊಯ್ದರು.

ಓದುಗರೇ, ನಷ್ಟ ಸಂಭವಿಸಿದ್ದು ಇಲ್ಲಿ. 911 ಕಾರಿನ ಮುಂದಿನ ಮಡ್‌ಗಾರ್ಡುಗಳನ್ನು ಬೋಲ್ಟಿನಿಂದ ಬಿಗಿದಿರುತ್ತಾರೆ. ಬಿಚ್ಚಬಹುದು, ಮತ್ತೆ ಕೂರಿಸಬಹುದು. ಹಿಂದಿನವು ಹಾಗಲ್ಲ. ಅವು ಕಾರಿನ ಚೌಕಟ್ಟಿಗೆ ಬೆಸೆದ ಅಂಗಗಳು. ಕೊಯ್ದರೆ ಕಾರಿನ ಮೈಯನ್ನೇ ಕೊಯ್ದಂತೆ. 1976ರ ಮಾದರಿಯಿಂದ ಪೋರ್ಷೆಯವರು ತುಕ್ಕು ಹಿಡಿಯದಂತೆ ಸತುವು ಲೇಪಿಸಿದ ಉಕ್ಕನ್ನು ಬಳಸತೊಡಗಿದ್ದರು. ಗರಗಸದ ಹಲ್ಲು ಆ ಲೇಪವನ್ನು ಸೀಳಿ, ಒಳಗಿನ ಉಕ್ಕನ್ನು ಗಾಳಿ ನೀರಿಗೆ ತೆರೆದಿಟ್ಟಿತು. ಮೇಲೆ ಪುಟ್ಟಿ, ಅದರ ಮೇಲೆ ಹೊಳೆಯುವ ಬಣ್ಣ. ಒಳಗೆ ತುಕ್ಕು ತನ್ನ ಪಾಡಿಗೆ ತಾನು ಬೆಳೆಯಿತು. ಮುಂದೆ ಮೂಲರೂಪದ ಕಾರಿಗೆ ಬೆಲೆ ಏರಿದಾಗ, ಕೊಯ್ದವರಿಗೆ ಹಿಂದಕ್ಕೆ ಹೋಗುವ ದಾರಿ ದುಬಾರಿಯಾಗಿತ್ತು.

ಕೊಯ್ಯುವ ಕಲೆ ಇಂದಿಗೂ ಇದೆ. ಜಪಾನಿನ ಅಕಿರಾ ನಕಾಯ್ ದೇಶದಿಂದ ದೇಶಕ್ಕೆ ಹೋಗಿ ತಾವೇ ಗರಗಸ ಹಿಡಿದು ಪೋರ್ಷೆಗಳಿಗೆ ಅಗಲ ಕಮಾನುಗಳನ್ನು ಕೂರಿಸಿ ಪ್ರಸಿದ್ಧರಾಗಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 2009ರಲ್ಲಿ ರಾಬ್ ಡಿಕಿನ್ಸನ್ ಸ್ಥಾಪಿಸಿದ ಸಿಂಗರ್ ಸಂಸ್ಥೆ ಹಳೆಯ 911ಗಳಿಗೆ ಕಾರ್ಬನ್ ನಾರಿನ ಮೈಯನ್ನು ತೊಡಿಸುತ್ತದೆ. ಆ ಹೆಸರಿನಲ್ಲಿ ನಾರ್ಬರ್ಟ್ ಸಿಂಗರ್ ಅವರಿಗೆ ಸಲ್ಲಿಸಿದ ಗೌರವವೂ ಅಡಗಿದೆ. ಒಪ್ಪುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಏನನ್ನು ಕಳೆದುಕೊಳ್ಳುತ್ತಿದ್ದೇವೆ ಎಂಬ ಅರಿವು ಮಾತ್ರ ಮೊದಲೇ ಇರಬೇಕು.

ವಸ್ತುವಿನ ಗುಣ

ಈಗ ವಸ್ತುಗಳ ವಿಚಾರ. ಉಕ್ಕು ನೀರಿಗಿಂತ ಸುಮಾರು 7.8 ಪಟ್ಟು ಭಾರ; ಅಲ್ಯೂಮಿನಿಯಂ 2.7 ಪಟ್ಟು, ಗಾಜಿನೆಳೆ ಮತ್ತು ರಾಳ ಸೇರಿದ ಹಲಗೆ ಎರಡು ಪಟ್ಟಿನ ಆಸುಪಾಸು, ಕಾರ್ಬನ್ ನಾರಿನ ಹಲಗೆ ಸುಮಾರು 1.6 ಪಟ್ಟು. ಹಾಗೆಂದು ಗಾಜಿನೆಳೆಯ ಬಾನೆಟ್ಟು ಉಕ್ಕಿನದರ ನಾಲ್ಕನೇ ಒಂದು ಭಾಗ ತೂಗುತ್ತದೆ ಎಂದುಕೊಳ್ಳಬೇಡಿ. ಅದು ಉಕ್ಕಿನಷ್ಟು ಬಿಗಿಯಲ್ಲ, ಆದ್ದರಿಂದ ದಪ್ಪವಾಗಿ ಮಾಡಬೇಕು. ಉಳಿತಾಯ ಅಷ್ಟರಮಟ್ಟಿಗೆ ಕಡಿಮೆ. ಕಾರ್ಬನ್ ನಾರು ಹಗುರವೂ ಹೌದು, ಬಿಗಿಯೂ ಹೌದು, ಬೆಲೆಯೂ ಹಾಗೆಯೇ. ನಮ್ಮ ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನದ ಮೈಯಲ್ಲಿ ಬಹುಪಾಲು ಇದೇ ವಸ್ತುವಿದೆ. ಆದರೆ ವಿಮಾನದ ಹಲಗೆಯಲ್ಲಿ ಪ್ರತಿ ಪದರದ ದಿಕ್ಕನ್ನೂ ಲೆಕ್ಕ ಹಾಕಿ ಇಡುತ್ತಾರೆ. ಗಾಜಿನೆಳೆಯ ಮೇಲೆ ಒಂದೇ ಪದರ ಕಾರ್ಬನ್ ಅಂಟಿಸಿ ಮಾರುವ ಬಾನೆಟ್ಟುಗಳೂ ಪೇಟೆಯಲ್ಲಿವೆ. ಹೊಳಪು ಒಂದೇ, ಗುಣ ಬೇರೆ.

ಟರ್ಬೊ ಕಾರಿನಲ್ಲಿ ಶಾಖವನ್ನು ಮರೆಯುವಂತಿಲ್ಲ. ಟರ್ಬೊ ಮೂಲಕ ಹಾಯುವ ಹೊಗೆ 900 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಅಗ್ಗದ ಪಾಲಿಯೆಸ್ಟರ್ ರಾಳ ನೂರು ಡಿಗ್ರಿಯ ಸುತ್ತಮುತ್ತಲೇ ಮೆತ್ತಗಾಗಬಹುದು. ಶಾಖಕ್ಕೆ ತಡೆಯಿಲ್ಲದೆ ಅಂಥ ಹಲಗೆಯನ್ನು ಟರ್ಬೊ ಹತ್ತಿರ ಕೂರಿಸಿದರೆ ಅದು ಸೊಟ್ಟಗಾಗುತ್ತದೆ, ಬಣ್ಣ ಬಿರಿಯುತ್ತದೆ.

ಇನ್ನು ಗಾಳಿ. ಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣ. ವೇಗ ನಾಲ್ಕು ಪಟ್ಟಾದರೆ ಬಲ ಹದಿನಾರು ಪಟ್ಟು. ಗಂಟೆಗೆ 240 ಕಿಲೋಮೀಟರಿನಲ್ಲಿ ಕಾರನ್ನು ನೆಲಕ್ಕೊತ್ತುವ ರೆಕ್ಕೆ, 60 ಕಿಲೋಮೀಟರಿನಲ್ಲಿ ಅದರ ಹದಿನಾರನೇ ಒಂದು ಪಾಲು ಕೆಲಸ ಮಾಡುತ್ತದೆ. ನಗರದ ರಸ್ತೆಯಲ್ಲಿ ಅದು ಬರೀ ಭೂಷಣ. ಹಿಂದೆ ಮಾತ್ರ ದೊಡ್ಡ ರೆಕ್ಕೆ ಕೂರಿಸಿ ಮುಂಭಾಗವನ್ನು ಹಾಗೇ ಬಿಟ್ಟರೆ, ಅತಿವೇಗದಲ್ಲಿ ಮುಂದಿನ ಚಕ್ರಗಳ ಹಿಡಿತ ಸಡಿಲವಾಗುವ ಅಪಾಯವೂ ಇದೆ.

ಕೊನೆಗೆ, ನಮ್ಮ ಜೀವ. ಬಾಗಿಲಿನೊಳಗೆ ಪಕ್ಕದ ಡಿಕ್ಕಿಯನ್ನು ತಡೆಯುವ ಉಕ್ಕಿನ ತೊಲೆ ಇರುತ್ತದೆ. ಬಂಪರಿನ ಹಿಂದೆ ಪೆಟ್ಟನ್ನು ನುಂಗುವ ಸಾಧನವಿರುತ್ತದೆ. ಅಮೆರಿಕದ ನಿಯಮಕ್ಕಾಗಿ 1974ರ ಮಾದರಿಯಿಂದ 911ಕ್ಕೆ ಬಂದ ದಪ್ಪ ಬಂಪರುಗಳ ಉದ್ದೇಶ ಇದೇ. ಅವನ್ನು ತೆಗೆದು ಟೊಳ್ಳು ಫೈಬರ್ ಕೂರಿಸಿದರೆ ತೂಕ ಇಳಿಯುತ್ತದೆ, ರಕ್ಷಣೆಯೂ ಇಳಿಯುತ್ತದೆ. ಓಟದ ಕಾರಿನಲ್ಲಿ ಆ ಕೊರತೆಯನ್ನು ಒಳಗಿನ ಉಕ್ಕಿನ ಪಂಜರ ತುಂಬುತ್ತದೆ. ಮನೆಮಂದಿ ಕೂರುವ ಕಾರಿನಲ್ಲಿ ಪಂಜರವೆಲ್ಲಿ?

ಕಾನೂನಿನ ಮಾತೂ ಇದೆ. ಜರ್ಮನಿಯಲ್ಲಿ ಇಂಥ ಬದಲಾವಣೆಗೆ ತಾಂತ್ರಿಕ ತಪಾಸಣೆಯ ಮನ್ನಣೆ ಬೇಕು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಹೇಳಿತು. ಟಿಂಕರಿಂಗ್ ಅಂಗಡಿಗೆ ಹೋಗುವ ಮುನ್ನ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸುವುದು ಜಾಣತನ.

ಟಿವಿ ಪರದೆಯ ಮೇಲೆ ನಾವು ಕಾರುಗಳನ್ನು ತೋರಿಸುವಾಗ ಕಾಣುವುದು ಹೊರಮೈ ಮಾತ್ರ. ಕ್ಯಾಮೆರಾಕ್ಕೆ ಬೋಲ್ಟೂ ಕಾಣದು, ಬೆಸುಗೆಯೂ ಕಾಣದು. ಅದನ್ನು ನೋಡಬೇಕಾದವರು ನೀವು. ಹೊಸ ಹಲಗೆಯನ್ನು ಕೊಳ್ಳುವ ಮುನ್ನ ಕೇಳಿ: ಇದು ಗಾಳಿಗೆ ದಾರಿ ಮಾಡುತ್ತದೆಯೇ, ಕಣ್ಣಿಗೆ ಮಾತ್ರವೇ? ಶಾಖವನ್ನು ತಾಳುತ್ತದೆಯೇ? ತೆಗೆದು ಹಾಕುವ ಭಾಗ ಯಾರದಾದರೂ ಜೀವ ಕಾಯುವಂಥದೇ? ಬೋಲ್ಟಿನಲ್ಲಿ ಆಗುವ ಕೆಲಸಕ್ಕೆ ಗರಗಸ ಏಕೆ? ಮತ್ತೆ, ಬಿಚ್ಚಿದ ಹಳೆಯ ಮಡ್‌ಗಾರ್ಡನ್ನು ಗುಜರಿಗೆ ಹಾಕಬೇಡಿ. ಬಟ್ಟೆ ಸುತ್ತಿ ಅಟ್ಟದ ಮೇಲಿಡಿ. ನಾಳೆ ಆ ಕಾರು ನಿಮ್ಮ ಮಗನದೋ ಮಗಳದೋ ಆದಾಗ, ಅದರ ಮೂಲರೂಪ ನೋಡಬೇಕೆಂದು ಅವರಿಗೆ ಅನ್ನಿಸೀತು.