ನಾಕ್ಸೋಸ್ ಕಾಯಿಲೆ: ಅಂಗೈ ಮತ್ತು ಇಸಿಜಿ

ಉಣ್ಣೆಯಂಥ ಗುಂಗುರು ಕೂದಲು, ದಪ್ಪಗಟ್ಟಿದ ಅಂಗೈ ಅಂಗಾಲು, ಹರೆಯಕ್ಕೆ ಬಂದಾಗ ಲಯ ತಪ್ಪುವ ಹೃದಯ: ಈ ಮೂರೂ ಒಂದೇ ಮನೆತನದಲ್ಲಿ ಕೂಡಿ ಬರುವುದನ್ನು ಗ್ರೀಸಿನ ನಾಕ್ಸೋಸ್ ದ್ವೀಪದಿಂದ ಪ್ರೊಟೊನೊಟಾರಿಯೋಸ್ ಮತ್ತು ಸಂಗಡಿಗರು 1986ರಲ್ಲಿ ವರದಿ ಮಾಡಿದರು. ಪ್ಲಾಕೊಗ್ಲೋಬಿನ್ ಜೀನಿನ ದೋಷವೇ ಇದಕ್ಕೆ ಕಾರಣವೆಂದು 2000ದಲ್ಲಿ ತಿಳಿಯಿತು. ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಬೆಸುಗೆಯಲ್ಲಿ ಈ ಪ್ರೋಟೀನಿಗೂ ಪಾಲುಂಟು. ಅದು ಸಡಿಲಾದರೆ ಬಲ ಹೃತ್ಕುಕ್ಷಿಯ ಸ್ನಾಯು ಸತ್ತು, ಆ ಜಾಗವನ್ನು ಕೊಬ್ಬು ಮತ್ತು ನಾರು ತುಂಬುತ್ತವೆ.

ತಂದೆ ತಾಯಿ ಇಬ್ಬರಿಂದಲೂ ದೋಷ ಬಂದರಷ್ಟೇ ಈ ಕಾಯಿಲೆ. ಗದಗ ಸೀಮೆಯಲ್ಲಿ ಇದು ಇದೆಯೆಂದು ನಾನು ವಾದಿಸುತ್ತಿಲ್ಲ. ಆದರೆ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಇನ್ನೂ ಉಳಿದಿರುವಲ್ಲಿ ಇದನ್ನು ಪರದೇಶದ ಕಾಯಿಲೆಯೆಂದು ಬದಿಗಿಡುವುದೂ ಸರಿಯಲ್ಲ. ಮೇಲಾಗಿ ಬೆಟಗೇರಿ ನೇಕಾರರ ಊರು. ದುಡಿಯುವ ಕೈ ಜಡ್ಡುಗಟ್ಟುವುದು ಸಹಜವೆಂದು ವೈದ್ಯರು ಅಂಗೈ ನೋಡಿಯೂ ಸುಮ್ಮನಾಗಬಹುದು. ಜಡ್ಡು ಯಾವಾಗ ಶುರುವಾಯಿತೆಂದು ಕೇಳಬೇಕು. ದುಡಿಮೆಯ ಜಡ್ಡು ಕೆಲಸ ಹಿಡಿದ ಮೇಲೆ, ತಿಕ್ಕುವ ಜಾಗದಲ್ಲಿ ಬರುತ್ತದೆ. ನಾಕ್ಸೋಸಿನದು ಕೂಸು ಅಂಬೆಗಾಲಿಡುವ ಹೊತ್ತಿಗೇ ಕಾಣಿಸಿಕೊಳ್ಳುತ್ತದೆ.

ಇಸಿಜಿಯಲ್ಲಿ ವಿ1ರಿಂದ ವಿ3ರವರೆಗೆ ಟಿ ಅಲೆ ತಲೆಕೆಳಗಾಗಿರುತ್ತದೆ. ಚಿಕ್ಕ ಮಕ್ಕಳಲ್ಲಿ ಅದು ಸಹಜ. 14 ದಾಟಿದವರಲ್ಲಿ, ಬಲ ಕವಲಿನ ಪೂರ್ಣ ತಡೆ ಇಲ್ಲದಿದ್ದರೆ, 2010ರ ಅಂತರರಾಷ್ಟ್ರೀಯ ಮಾನದಂಡ ಅದನ್ನು ಪ್ರಮುಖ ಲಕ್ಷಣವೆಂದು ಎಣಿಸುತ್ತದೆ. ಕಣ್ತಪ್ಪುವುದು ಎಪ್ಸಿಲಾನ್ ಅಲೆ: ಕ್ಯೂಆರ್‌ಎಸ್ ಮುಗಿದ ಮೇಲೆ, ಟಿ ಅಲೆಗೆ ಮೊದಲು ಬರುವ ಸಣ್ಣ ಗೀರು. ವಿದ್ಯುತ್ತು ತಡವಾಗಿ ತಲುಪಿದ ಸ್ನಾಯುವಿನ ಗುರುತು ಅದು. ಗೆರೆ ನುಣುಪಾಗಲೆಂದು ಫಿಲ್ಟರನ್ನು 40 ಹರ್ಟ್ಸ್‌ಗೆ ಇಟ್ಟರೆ ಆ ಗೀರೇ ಅಳಿಸಿಹೋಗಬಹುದು, 150 ಇರಲಿ. ಎಸ್ ಅಲೆಯ ತಳದಿಂದ ಕ್ಯೂಆರ್‌ಎಸ್ ಕೊನೆಯವರೆಗೆ 55 ಮಿಲಿಸೆಕೆಂಡ್ ಆದರೆ ಅದೂ ಸುಳಿವೇ. ಮಾಮೂಲಿ ವೇಗದ ಕಾಗದದಲ್ಲಿ ಅದು ಒಂದೂವರೆ ಮಿಲಿಮೀಟರಿಗೂ ಕಡಿಮೆ! ವೇಗವನ್ನೂ ಎತ್ತರವನ್ನೂ ದುಪ್ಪಟ್ಟು ಮಾಡಿ ಇನ್ನೊಮ್ಮೆ ತೆಗೆಯದೆ ಇದನ್ನು ಅಳೆದೆನೆನ್ನುವವರನ್ನು ನಾನು ನಂಬಲಾರೆ.

ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರಿಗೆ ತಲುಪಿಸುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಮುಖ್ಯವಾಗಿ ಹೃದಯಾಘಾತವನ್ನು ಉದ್ದೇಶಿಸಿದ್ದು. ಈ ಕಾಯಿಲೆಯ ಹುಡುಗ ಎದೆನೋವೆಂದು ಬರುವುದು ಕಡಿಮೆ. ಓಡುವಾಗ ಎಚ್ಚರ ತಪ್ಪಿ ಬೀಳುತ್ತಾನೆ, ಮನೆಯವರು ಫಿಟ್ಸ್ ಬಂತೆನ್ನುತ್ತಾರೆ. ಹಾಗೆ ಬಿದ್ದವರಿಗೆಲ್ಲ ಒಂದು ಇಸಿಜಿ ಆಗಲೇಬೇಕು. ಕಾಯಿಲೆ ಖಚಿತವಾದರೆ ಅವನ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಬಾಲ್ಯದ ಇಸಿಜಿ ಸರಿಯಿದ್ದರೂ ಹರೆಯದಲ್ಲಿ ಮತ್ತೆ ತೆಗೆಯಬೇಕು.