ಅಂಗನವಾಡಿ ನೌಕರರ ಸಂಘಟನೆ ನಡೆದು ಬಂದ ದಾರಿ

ಬಜೆಟ್ ಹತ್ತಿರ ಬಂದಾಗಲೆಲ್ಲ ಅಂಗನವಾಡಿ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರುತ್ತಾರೆ. ಎಷ್ಟು ಗೌರವಧನ ಕೇಳಿದರು, ಎಷ್ಟು ಸಿಕ್ಕಿತು, ಯಾವ ರಸ್ತೆಯಲ್ಲಿ ಸಂಚಾರ ನಿಂತಿತು ಎಂಬುದಷ್ಟೇ ಮರುದಿನ ಸುದ್ದಿಯಾಗುತ್ತದೆ. ಹೀಗೆ ಓದಿ ಓದಿ, ಈ ಸಂಘಟನೆ ಹಣ ಕೇಳುವುದಕ್ಕಾಗಿಯೇ ಹುಟ್ಟಿದ್ದು, ಮಕ್ಕಳಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ಅಭಿಪ್ರಾಯ ವಿದ್ಯಾವಂತರಲ್ಲೂ ಬೇರೂರಿದೆ. ಈ ಕ್ಷೇತ್ರದ ಒಳಗಿದ್ದು ನೋಡಿದವರಿಗೆ ಕಾಣುವ ಚರಿತ್ರೆ ಬೇರೆ. ದಶಕಗಳಿಂದ ಸಂಘ ಹಿಡಿದುಕೊಂಡು ಬಂದಿರುವುದು ಒಂದೇ ಪ್ರಶ್ನೆಯನ್ನು: ಊರಿನ ಮಕ್ಕಳನ್ನು ಸರ್ಕಾರದ ಪರವಾಗಿ ಪೋಷಿಸಿ ಕಲಿಸುವುದು ತರಬೇತಿ ಬೇಡುವ ಕೆಲಸವೋ, ಅಥವಾ ಹೆಂಗಸರು ಬಿಡುವಿನಲ್ಲಿ ಮಾಡಿಕೊಡಬಹುದಾದ ಸೇವೆಯೋ? ಗೌರವಧನದ ಬೇಡಿಕೆ ಈ ಪ್ರಶ್ನೆಯ ಒಂದು ಮುಖ ಮಾತ್ರ.

ಆರಂಭದ ಹಂತವನ್ನು ಚುಟುಕಾಗಿ ಹೇಳಿಬಿಡಬಹುದು. ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ 1945ರಲ್ಲಿ ಈಗಿನ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಳ್ಳಿಯ ಬಡ ಮಕ್ಕಳಿಗಾಗಿ ನಡೆಸಿದ ಪ್ರಯೋಗ, ಆಮೇಲೆ ಮಹಿಳಾ ಮಂಡಳಿಗಳ ಬಾಲವಾಡಿಗಳು, ಶಿಶುವಿಹಾರಗಳು, ಇವೆಲ್ಲ ನೆಲ ಹದ ಮಾಡಿದವು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾಯಿತು; ನಮ್ಮ ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾದದ್ದು ತಿ. ನರಸೀಪುರ. ಮೆಟ್ರಿಕ್ ಓದಿದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಓದದವರಿಗೆ 100 ಎಂದು ನಿಗದಿಯಾಯಿತು. ಆಕೆಯನ್ನು ನೌಕರಳೆನ್ನದೆ ಗೌರವ ಕಾರ್ಯಕರ್ತೆ ಎಂದು ಕರೆದರು. ಯೋಜನೆ ರೂಪಿಸಿದವರ ಕಾಳಜಿಯನ್ನು ಶಂಕಿಸಬೇಕಿಲ್ಲ. ಆದರೆ ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ವೈದ್ಯರ ಬಳಿಗೆ ಕಳಿಸುವುದು, ಪೌಷ್ಟಿಕತೆಯ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳ ಹೊರೆಯನ್ನು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿಯ ಮೇಲಿಟ್ಟು ಅದನ್ನು ಅರೆಕಾಲಿಕ ಸೇವೆ ಎಂದದ್ದು ಮೂಲದಲ್ಲೇ ಆದ ಅನ್ಯಾಯ. ಸಂಘ ಹುಟ್ಟಿದ್ದು ಅದರಿಂದ.

ಒಂದೊಂದು ಊರಿಗೆ ಒಬ್ಬೊಬ್ಬರಂತೆ ಚದುರಿಹೋದ ಹೆಂಗಸರನ್ನು ಒಗ್ಗೂಡಿಸುವುದು ಕಾರ್ಖಾನೆಯ ಗೇಟಿನಲ್ಲಿ ಸಂಘ ಕಟ್ಟಿದಷ್ಟು ಸುಲಭವಲ್ಲ. ಅವರು ಒಟ್ಟಿಗೆ ಸೇರುತ್ತಿದ್ದದ್ದು ಸರ್ಕಲ್ ಮೀಟಿಂಗಿನಲ್ಲಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಯ ತಿಂಗಳ ಸಭೆಯಲ್ಲಿ, ತರಬೇತಿಯ ದಿನಗಳಲ್ಲಿ. 1989ರಲ್ಲಿ ಕಾರ್ಮಿಕ ಸಂಘಟನೆ ಸಿಐಟಿಯು ಜೊತೆಗಿನ ಅಂಗನವಾಡಿ ನೌಕರರ ಅಖಿಲ ಭಾರತ ಫೆಡರೇಷನ್ ರೂಪುಗೊಂಡಿತು. ಕರ್ನಾಟಕದಲ್ಲಿ ಅದರ ಅಂಗವಾದ ಅಂಗನವಾಡಿ ನೌಕರರ ಸಂಘ, ಜೊತೆಗೆ ಎಐಟಿಯುಸಿಯ ಸಂಘಟನೆ, ತಾಲ್ಲೂಕು ತಾಲ್ಲೂಕಿಗೂ ಹರಡಿದವು. ದೊಡ್ಡ ಪೆಟ್ಟು ಬಿದ್ದದ್ದೂ ನಮ್ಮ ರಾಜ್ಯದ ಪ್ರಕರಣದಿಂದಲೇ. ಅಮೀರ್‌ಬೀ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ ಅಂಗನವಾಡಿ ಹುದ್ದೆ ಸರ್ಕಾರಿ ಹುದ್ದೆಯಲ್ಲ ಎಂದಿತು. ಅದೇ ತಿಂಗಳು, ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ದೇಶದ ಪ್ರತಿ ಜನವಸತಿಗೂ ಅಂಗನವಾಡಿ ಬೇಕು, ಒಟ್ಟು 14 ಲಕ್ಷ ಕೇಂದ್ರಗಳಾಗಬೇಕು ಎಂದು ಆದೇಶಿಸಿತು. ಕೆಲಸ ಮಗುವಿನ ಹಕ್ಕಾಯಿತು. ಆ ಹಕ್ಕನ್ನು ಮಗುವಿಗೆ ಮುಟ್ಟಿಸುವವಳಿಗೆ ಮಾತ್ರ ಸ್ಥಾನವಿಲ್ಲದೆ ಹೋಯಿತು.

ಈ ಇಕ್ಕಟ್ಟಿನಿಂದ ದಾರಿ ಹುಡುಕಿದ್ದೇ ನಂತರದ ಪೀಳಿಗೆಯ ಸಾಧನೆ. ಅದಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ. 2013ರ ಮೇನಲ್ಲಿ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ, ಯೋಜನೆಗಳಡಿ ದುಡಿಯುವವರನ್ನು ಕಾರ್ಮಿಕರೆಂದು ಪರಿಗಣಿಸಿ ಕನಿಷ್ಠ ವೇತನ ಕೊಡಬೇಕೆಂದು ಶಿಫಾರಸು ಮಾಡಿತು. 2017ರ ಮಾರ್ಚ್‌ನಲ್ಲಿ ಸಂಘದ ನಾಯಕಿ ಎಸ್. ವರಲಕ್ಷ್ಮಿ ಅವರ ನೇತೃತ್ವದಲ್ಲಿ ಸಾವಿರಾರು ಮಂದಿ ಫ್ರೀಡಂ ಪಾರ್ಕ್ ಬಳಿಯ ರಸ್ತೆಯಲ್ಲೇ ಹಗಲು ರಾತ್ರಿ ಕಳೆದರು; ರಾಜ್ಯ ಗೌರವಧನ ಹೆಚ್ಚಿಸಿತು. 2018ರಲ್ಲಿ ಕೇಂದ್ರ ಕಾರ್ಯಕರ್ತೆಯ ಗೌರವಧನವನ್ನು 3,000ದಿಂದ 4,500 ರೂಪಾಯಿಗೆ, ಸಹಾಯಕಿಯದನ್ನು 1,500ರಿಂದ 2,250ಕ್ಕೆ ಏರಿಸಿತು. ಆಮೇಲೆ ವರ್ಷಗಟ್ಟಲೆ ಅದು ಅಲ್ಲೇ ನಿಂತಿತು. ನಿಜವಾದ ತಿರುವು 2022ರ ಏಪ್ರಿಲ್‌ನ ತೀರ್ಪು. ಗುಜರಾತಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಎಸ್. ಓಕಾ, 1972ರ ಗ್ರಾಚ್ಯುಟಿ ಕಾಯ್ದೆ ಇವರಿಗೂ ಅನ್ವಯಿಸುತ್ತದೆ ಎಂದರು. ಆಹಾರ ಭದ್ರತೆ ಮತ್ತು ಶಿಕ್ಷಣ ಹಕ್ಕಿನ ಕಾಯ್ದೆಗಳಡಿ ಅಂಗನವಾಡಿ ಶಾಸನಬದ್ಧ ಕರ್ತವ್ಯ ನಿಭಾಯಿಸುತ್ತಿದೆ, ಈ ಕೆಲಸವನ್ನು ಅರೆಕಾಲಿಕ ಎನ್ನಲಾಗದು ಎಂಬುದು ತೀರ್ಪಿನ ತಿರುಳು. 2023ರ ಆರಂಭದಲ್ಲಿ ನಡೆದ ಧರಣಿಯ ನಂತರ ರಾಜ್ಯವೂ ಗ್ರಾಚ್ಯುಟಿಗೆ ಒಪ್ಪಿತು, ಹಿಂದೆಯೇ ನಿವೃತ್ತರಾದವರ ಪ್ರಶ್ನೆ ಮಾತ್ರ ಉಳಿಯಿತು. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಸಂಘ ಮತ್ತೆ ಬೀದಿಗಿಳಿಯಿತು. ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸುವವರು ನಾವು ಎಂಬ ಮಾತು ಅಂದು ಹಣದ ಬೇಡಿಕೆಗಿಂತ ಮುಂದೆ ನಿಂತಿತು.

ಇದಕ್ಕೆ ಆಕ್ಷೇಪಗಳಿವೆ. ಈ ಕೆಲಸಕ್ಕೆ ಅಂಥ ಪರಿಣತಿ ಏನು ಬೇಕು ಎಂದು ಕೇಳುವವರು ತೂಕ ಹಾಕುವ ದಿನ ಒಂದು ಕೇಂದ್ರಕ್ಕೆ ಹೋಗಿ ನೋಡಲಿ. ತಕ್ಕಡಿಯ ಮುಳ್ಳನ್ನು ಸೊನ್ನೆಗೆ ತರಬೇಕು, ಅಳುವ ಮಗುವನ್ನು ಜೋಳಿಗೆಯಲ್ಲಿ ಕೂರಿಸಿ ಮುಳ್ಳು ನಿಲ್ಲುವವರೆಗೆ ಕಾಯಬೇಕು, ತುಂಬಿದ ತಿಂಗಳ ಗೆರೆಯ ಮೇಲೆ ಚುಕ್ಕೆ ಇಟ್ಟು ಹಿಂದಿನ ಚುಕ್ಕೆಗೆ ಸೇರಿಸಬೇಕು. ಚುಕ್ಕೆ ಇನ್ನೂ ಹಸಿರು ಪಟ್ಟಿಯಲ್ಲೇ ಇದ್ದರೂ ಗೆರೆ ಚಪ್ಪಟೆಯಾಗಿದ್ದರೆ ಮಗು ಕೃಶವಾಗುವ ಮೊದಲೇ ಸುಳಿವು ಸಿಕ್ಕಂತೆ. ಅದನ್ನು ಹಳದಿಗೆ ಇಳಿಯುವ ಮುಂಚೆ ಗುರುತಿಸಿ, ಮನೆಗೆ ಹೋಗಿ ತಾಯಿಗೂ ಅತ್ತೆಗೂ ನೋವಾಗದಂತೆ ಹೇಳಿ, ಆಮೇಲೆ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ತುಂಬುವುದು ತರಬೇತಿ ಇಲ್ಲದೆ ಆಗುವ ಕೆಲಸವಲ್ಲ. ಮುಷ್ಕರದಿಂದ ಮಕ್ಕಳ ಊಟ ತಪ್ಪುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಊಟ ತಪ್ಪುವುದು ನಿಜ. ಆದರೆ ಚುನಾವಣೆ, ಜನಗಣತಿ, ಹತ್ತಾರು ಸರ್ವೆಗಳಿಗೆ ಕಾರ್ಯಕರ್ತೆಯನ್ನು ಹಚ್ಚಿದಾಗ ಮಗುವಿಗೆ ತಪ್ಪುವ ಪಾಠದ ದಿನಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅನ್ಯ ಕೆಲಸ ಬೇಡವೆಂಬ ಸಂಘದ ಬೇಡಿಕೆ ಮಗುವಿನ ಪರವಾದ ಬೇಡಿಕೆಯೇ. ಸಂಘ ಪಕ್ಷವೊಂದರ ನೆರಳಿನಲ್ಲಿದೆ ಎಂಬ ಮಾತೂ ಕೇಳಿಬರುತ್ತದೆ. ಎಲ್ಲ ಪಕ್ಷಗಳ ಸರ್ಕಾರಗಳ ಎದುರೂ ಇದೇ ಬೇಡಿಕೆ ಇಟ್ಟ ಸಂಘಟನೆಗೆ ಆ ಮಾತು ಒಪ್ಪುವುದಿಲ್ಲ.

ಹಾಗೆಂದು ಕೊರತೆಗಳಿಲ್ಲವೆಂದಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಅವು ಢಾಳಾಗಿ ಕಾಣುತ್ತವೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗ ಮತ್ತು ಗಾರ್ಮೆಂಟ್ಸ್, ನೆಲಮಂಗಲ ಕಡೆಯ ದಾಬಸ್‌ಪೇಟೆಯ ಕಾರ್ಖಾನೆಗಳು, ಹೊಸಕೋಟೆಯ ಗೋದಾಮುಗಳು, 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ಕಟ್ಟಡ ಕೆಲಸ, ಇವುಗಳಲ್ಲಿ ದುಡಿಯುವ ತಾಯಂದಿರು ಮನೆ ಸೇರುವ ಎಷ್ಟೋ ಹೊತ್ತಿಗೆ ಮುಂಚೆಯೇ ಕೇಂದ್ರ ಮುಚ್ಚಿರುತ್ತದೆ. ಮೂರು ವರ್ಷದೊಳಗಿನ ಕೂಸುಗಳಿಗೆ ದಿನವಿಡೀ ನೋಡಿಕೊಳ್ಳುವ ವ್ಯವಸ್ಥೆ ಬೇಕು. ಉದ್ಯೋಗ ಖಾತರಿ ಕೂಲಿಯ ಮೇಲೆ ಪಂಚಾಯಿತಿಯ ಕೂಸಿನ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಂಡ ಹೆಂಗಸರ ಸ್ಥಿತಿ, 1975ರ ಕಾರ್ಯಕರ್ತೆಯ ಸ್ಥಿತಿಗಿಂತ ಹೆಚ್ಚು ಭಿನ್ನವಲ್ಲ. ಹೊರರಾಜ್ಯದ ಕೂಲಿಕಾರರ ಮಕ್ಕಳಿಗೆ ಯಾವ ಭಾಷೆಯಲ್ಲಿ ಕಲಿಸಬೇಕೆಂಬುದಕ್ಕೆ ಕಾರ್ಯಕರ್ತೆಗೆ ಸರಿಯಾದ ತರಬೇತಿಯಿಲ್ಲ. ಅಡುಗೆಯಿಂದ ಹಿಡಿದು ಮಕ್ಕಳನ್ನು ಶುಚಿ ಮಾಡುವವರೆಗೆ ಎಲ್ಲ ಹೊತ್ತ ಸಹಾಯಕಿಯರ ಚರಿತ್ರೆ ಸಂಘದ ನಿರ್ಣಯಗಳಲ್ಲೂ ಎರಡನೆಯ ಸಾಲಿನಲ್ಲೇ ಇದೆ. ಇವೆಲ್ಲ ಸಂಘಟನೆಯ ಮುಂದಿನ ಹಂತದ ಕೆಲಸಗಳು. ಕಾನೂನಿನಲ್ಲಿ ದುಡಿಮೆಗಾರರೆಂಬ ಮನ್ನಣೆಯತ್ತ ಅರ್ಧ ದಾರಿ ನಡೆದವರು, ಉಳಿದರ್ಧವನ್ನು ಶಿಶುಪಾಲನೆಯ ಗುಣಮಟ್ಟ ಹೀಗಿರಬೇಕೆಂದು ತಾವೇ ಬರೆದು ಸರ್ಕಾರದ ಮುಂದಿಡುವ ಮೂಲಕ ನಡೆಯಬೇಕು. ಆ ಮಾತು ಹೇಳುವ ಅನುಭವ ರಾಜ್ಯದ ಅರುವತ್ತೈದು ಸಾವಿರಕ್ಕೂ ಹೆಚ್ಚು ಕೇಂದ್ರಗಳಲ್ಲಿ ದುಡಿಯುವ ಈ ಹೆಣ್ಣುಮಕ್ಕಳಿಗೆ ಇರುವಷ್ಟು ಬೇರೆ ಯಾರಿಗೂ ಇಲ್ಲ.